ಕಾನ್ವಿ ಕೋಟೆ ಲೆಗೊ ಬ್ರಿಕ್‌ಗಳಲ್ಲಿ (ಆಟಿಕೆ ಇಟ್ಟಿಗೆ): 1:250 ಮಾದರಿಗೆ ಟಿಪ್ಪಣಿ

ಉತ್ತರ ವೇಲ್ಸ್‌ನ ಕಾನ್ವಿ ಕೋಟೆಯ ಮಾದರಿಗಳು ಸಾಮಾನ್ಯವಾಗಿ ಎರಡು ಕಡೆ ಕೆಡುತ್ತವೆ. ಎಂಟು ಗೋಪುರಗಳೂ ಒಂದೇ ಅಚ್ಚಿನವಾಗುತ್ತವೆ, ಗೋಡೆಗಳೆಲ್ಲ ಮೂಲೆಮಟ್ಟಕ್ಕೆ ಬಂದುಬಿಡುತ್ತವೆ. ಹಾಗಾಗಿ ಮೊದಲು ಇತಿಹಾಸ.

ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡ್ ವೇಲ್ಸನ್ನು ಗೆದ್ದಾಗ, 1283ರಲ್ಲಿ ಕೆಲಸ ಶುರುವಾಯಿತು. 1287ರ ಹೊತ್ತಿಗೆ ಬಹುಪಾಲು ಮುಗಿದಿತ್ತು. ಉಸ್ತುವಾರಿ ಸವಾಯ್ ಪ್ರಾಂತ್ಯದಿಂದ ಬಂದ ಸೇಂಟ್ ಜಾರ್ಜ್‌ನ ಜೇಮ್ಸ್‌ನದು. ಅದೇ ಜೇಮ್ಸ್ 1295ರಲ್ಲಿ ವೇಲ್ಸ್‌ನದೇ ಬೊಮಾರಿಸ್‌ನ ಸಮತಟ್ಟು ನೆಲದಲ್ಲಿ ಅಚ್ಚುಕಟ್ಟಾದ ಸಮರೂಪದ ಕೋಟೆ ಹಾಕಿದ. ಕಾನ್ವಿಯಲ್ಲಿ ನದಿ ಪಕ್ಕದ ಬಂಡೆ ಹೇಗೆ ಹೋಯಿತೋ ಗೋಡೆಯೂ ಹಾಗೇ ಹೋಯಿತು. ಹೊರ ಅಂಗಳದ ದಕ್ಷಿಣ ಗೋಡೆ, ಅದಕ್ಕೆ ಒರಗಿದ ದೊಡ್ಡ ಹಜಾರ, ಎರಡೂ ಬಾಗಿರುವುದು ಅದಕ್ಕೇ. ಪೂರ್ವದ ಒಳ ಅಂಗಳ ಅರಮನೆಯ ಭಾಗ. ಅಲ್ಲಿನ ನಾಲ್ಕು ಗೋಪುರಗಳ ತಲೆಯ ಮೇಲೆ ಮಾತ್ರ ಕಿರುಗೋಪುರಗಳಿವೆ.

ಅಳತೆಗೆ ಬರೋಣ. ಒಂದು ಸ್ಟಡ್ (ಬ್ರಿಕ್ ತಲೆಯ ಮೇಲಿನ ಗುಬುಟು, ಅದೇ ಅಳತೆ) 8 ಮಿ.ಮೀ., ಅಂದರೆ ನಿಜ ಕೋಟೆಯ 2 ಮೀಟರ್. ಸುಮಾರು 9 ಮೀಟರ್ ವ್ಯಾಸ, 20 ಮೀಟರ್ ಎತ್ತರದ ಗೋಪುರಕ್ಕೆ 4x4 ದುಂಡು ಬ್ರಿಕ್ (ಬಿಡಿಭಾಗ ಸಂಖ್ಯೆ 87081) 8 ಸಾಲು ಸರಿಹೊಂದುತ್ತದೆ. ಗೋಡೆ 2 ಸ್ಟಡ್ ದಪ್ಪ, 4 ಸಾಲು ಎತ್ತರ ಇರಲಿ.

ತೊಂದರೆ ಗೋಡೆ ಗೋಪುರಕ್ಕೆ ತಾಗುವ ಜಾಗದಲ್ಲಿ. ಬರೀ ಒತ್ತಾಗಿ ನಿಲ್ಲಿಸಿದರೆ ಎತ್ತಿದ ಕೂಡಲೇ ಬಿಡುತ್ತದೆ. 3ನೇ ಸಾಲಿನಲ್ಲಿ ದುಂಡು ಬ್ರಿಕ್ ಬಿಟ್ಟು, ಅಷ್ಟೇ ಎತ್ತರಕ್ಕೆ ಮೂರು ಪ್ಲೇಟ್ (ಬ್ರಿಕ್‌ನ ಮೂರನೇ ಒಂದು ಎತ್ತರದ ತೆಳು ತುಂಡು) ಪದರ ಹಾಕಿ. ಮೊದಲ ಪದರದಲ್ಲಿ 2x6 ಪ್ಲೇಟ್: 4 ಸ್ಟಡ್ ಗೋಪುರದೊಳಗೆ, 2 ಗೋಡೆಯೊಳಗೆ. ಇಕ್ಕೆಲದ ಖಾಲಿಗೆ ಒಂದೊಂದು 1x2. ಎರಡನೇ ಪದರವನ್ನು ಇನ್ನೊಂದು ಗೋಡೆಯ ದಿಕ್ಕಿಗೆ ತಿರುಗಿಸಿ. ಮೂರನೆಯದು 4x4 ದುಂಡು ಪ್ಲೇಟ್ (60474). ಗೋಡೆ ಎರಡೂ ಬದಿಗೆ ನೇರ ಸಾಗುವಲ್ಲಿ 2x8 ಬೇಕು. ಎರಡು ಅಂಗಳಗಳ ನಡುಗೋಡೆ ಸೇರುವ ಎರಡು ಗೋಪುರಗಳಲ್ಲಿ ಉದ್ದಕ್ಕೆ 2x8, ಅಡ್ಡಕ್ಕೆ 2x6. ಒಟ್ಟು 56 ದುಂಡು ಬ್ರಿಕ್, 8 ದುಂಡು ಪ್ಲೇಟ್, 32 ಚಿಕ್ಕ 1x2 ಪ್ಲೇಟ್. 2x6, 2x8 ಎಷ್ಟೆಂಬುದನ್ನು ನಕ್ಷೆ ನೋಡಿ ಎಣಿಸಿಕೊಳ್ಳಿ.

ಬಾಗಿದ ದಕ್ಷಿಣ ಗೋಡೆಗೆ ಈ ಕಟ್ಟು ಒಗ್ಗದು. ಅಲ್ಲಿ ಗೋಡೆಯ ಕೆಳಗೊಂದು ಮೇಲೊಂದು 1x4 ಹಿಂಜ್ ಪ್ಲೇಟ್ (ಕೀಲಿನಂತೆ ತಿರುಗುವ ಪ್ಲೇಟ್) ಕೊಟ್ಟು, ಬಾಗು ಆ ಗೋಡೆಯ ಪ್ರಿಸನ್ ಟವರ್ ಎಂಬ ಗೋಪುರದ ಬಳಿ ಬರುವಂತೆ ನೋಡಿಕೊಳ್ಳಿ. ಸಂದು ಗೋಪುರದ ದುಂಡಿನ ಮರೆಗೆ ಬರುತ್ತದೆ. ಓರೆ ಗೋಡೆಯನ್ನು ತಳದ ಸ್ಟಡ್‌ಗಳಿಗೆ ಒತ್ತಬೇಡಿ, ಸಾಲು ತಪ್ಪಿದ ಸ್ಟಡ್ ಅದನ್ನು ಮೇಲಕ್ಕೆ ನೂಕುತ್ತದೆ. ಅಡಿಗೆ ನುಣುಪಾದ ಟೈಲ್ ಹಾಸಿ.

ತೆನೆಗಳ (ಗೋಡೆ ತುದಿಯ ಹಲ್ಲಿನಂಥ ಕಟ್ಟುಗಳ) ಮೇಲಿನ ಮುಮ್ಮೂರು ಶಿಖರಗಳನ್ನು ಈ ಅಳತೆಯಲ್ಲಿ ಕೈಬಿಡುವುದೇ ಸರಿ. 1x1 ಪ್ಲೇಟನ್ನು ಒಂದು ಬಿಟ್ಟು ಒಂದು ಇಟ್ಟರೆ ಸಾಕು.

ಬಣ್ಣವನ್ನು ಕಾಲ ನೋಡಿ ಆರಿಸಿ. ಮಧ್ಯಯುಗದಲ್ಲಿ ಗೋಡೆಗಳಿಗೆ ಸುಣ್ಣದ ಗಾರೆ ಇತ್ತು, ಆಗಿನ ಕೋಟೆಗೆ ಬಿಳಿಯೇ ತಕ್ಕದ್ದು. ಬೂದು ಬಣ್ಣ ಇಂದಿನ ಪಾಳುಕೋಟೆಗೆ. ಹಾಗೆ ಮಾಡಿದರೆ ಪೂರ್ವಕ್ಕೆ ಎಂಜಿನಿಯರ್ ಟೆಲ್ಫರ್ಡ್‌ನ 1826ರ ತೂಗುಸೇತುವೆಯೂ ಬೇಕು. ಊರಗೋಡೆಯ ಆಸೆ ಸದ್ಯಕ್ಕೆ ಬೇಡ: 1.3 ಕಿ.ಮೀ. ಎಂದರೆ 650 ಸ್ಟಡ್, 5.2 ಮೀಟರ್ ಮೇಜು.