ಓದುಗರ ಪ್ರಶ್ನೆ: ಸಾವಿರ ದ್ವೀಪಗಳಿದ್ದೂ ಮಾಲ್ಡೀವ್ಸ್ ಜನ ಮಾಲೆಯಲ್ಲೇ ಯಾಕೆ ಕಿಕ್ಕಿರಿದಿದ್ದಾರೆ?

ಪ್ರಶ್ನೆ: ಮಾಲ್ಡೀವ್ಸ್‌ನಲ್ಲಿ ಸಾವಿರಕ್ಕೂ ಹೆಚ್ಚು ದ್ವೀಪಗಳಿವೆ ಅಂತಾರೆ. ಆದರೆ ರಾಜಧಾನಿ ಮಾಲೆಯ ಫೋಟೊ ನೋಡಿದರೆ ಕಾಲಿಡಲೂ ಜಾಗ ಇಲ್ಲದಂತಿದೆ. ಬೇರೆ ದ್ವೀಪಗಳಿಗೆ ಹೋಗಿ ಆರಾಮಾಗಿ ಇರಬಾರದೆ?

ಉತ್ತರ: ದ್ವೀಪಗಳೇನೋ ಸುಮಾರು 1,190 ಇವೆ. ಊರು ಅನ್ನಿಸಿಕೊಂಡವು ಇನ್ನೂರಕ್ಕಿಂತ ಕಡಿಮೆ. ನೂರೈವತ್ತಕ್ಕೂ ಹೆಚ್ಚು ರೆಸಾರ್ಟ್‌ಗಳ ಪಾಲಾಗಿವೆ. ಉಳಿದವುಗಳಲ್ಲಿ ಹೆಚ್ಚಿನವು ಬರೀ ಮರಳು, ಪೊದೆ, ತೆಂಗು. 2022ರ ಜನಗಣತಿಯಲ್ಲಿ ವಿದೇಶಿ ಕೆಲಸಗಾರರೂ ಸೇರಿ ಇಡೀ ದೇಶಕ್ಕೆ ಸಿಕ್ಕವರು ಸುಮಾರು 5.15 ಲಕ್ಷ ಮಂದಿ. ಅವರಲ್ಲಿ ಶೇ 41ರಷ್ಟು ಜನ ಮಾಲೆ ಮತ್ತು ಅದರ ಮಗ್ಗುಲಿನ ಹುಲ್ಹುಮಾಲೆ, ವಿಲ್ಲಿಮಾಲೆಗಳಲ್ಲಿದ್ದಾರೆ. ಹಳೇ ಮಾಲೆಯ ವಿಸ್ತೀರ್ಣವೋ ಎರಡು ಚದರ ಕಿಲೋಮೀಟರಿನ ಆಸುಪಾಸು.

ಸಮುದ್ರ ಏರುತ್ತಿದೆ, ಅದಕ್ಕೇ ಓಡಿಬರುತ್ತಿದ್ದಾರೆ ಎಂದು ಹೇಳುವವರಿದ್ದಾರೆ. ಮಾಲೆಯೂ ಅಷ್ಟೇ ತಗ್ಗಿನ ಊರು. 1987ರಲ್ಲಿ ಅಲೆಗಳು ನುಗ್ಗಿದ ಮೇಲೆ ಜಪಾನಿನ ನೆರವಿನಿಂದ ಕಾಂಕ್ರೀಟ್ ತಡೆಗೋಡೆ ಹಾಕಿಕೊಂಡಿತು. ದ್ವೀಪದ ಸಂಸಾರವನ್ನು ಎಬ್ಬಿಸುವುದು ಹೆಚ್ಚಾಗಿ ಕಡಲಲ್ಲ, ಹನ್ನೊಂದನೇ ತರಗತಿ.

ಜನ ಇರುವ ಬಹುತೇಕ ದ್ವೀಪಗಳಲ್ಲಿ ಹತ್ತರವರೆಗೆ ಶಾಲೆ ಇದೆ. ಮುಂದಿನ ಎರಡು ವರ್ಷದ ಓದು ಕೆಲವೇ ಕಡೆ. ಐನೂರು ಜನರ ಊರು ಅಂದುಕೊಳ್ಳಿ. ಒಂದು ತರಗತಿಗೆ ಹತ್ತು ಮಕ್ಕಳು ಸಿಕ್ಕರೆ ಹೆಚ್ಚು. ಅವರಲ್ಲಿ ಇಬ್ಬರಿಗೆ ಭೌತಶಾಸ್ತ್ರ ಬೇಕು, ಮೂವರಿಗೆ ಅಕೌಂಟ್ಸ್. ವಿಷಯಕ್ಕೊಬ್ಬ ಮೇಷ್ಟ್ರನ್ನು ಎಲ್ಲಿಂದ ತರುವುದು? ನಮ್ಮಲ್ಲಾದರೆ ಪಕ್ಕದೂರಿನ ಕಾಲೇಜಿಗೆ ಬಸ್ಸು ಹತ್ತಿಸುತ್ತೇವೆ. ಅಲ್ಲಿ ನಡುವೆ ಕಡಲು, ಗಾಳಿ ಎದ್ದ ದಿನ ದೋಣಿಯೇ ಇಲ್ಲ. ಹೀಗಾಗಿ ಮಗು ಮಾಲೆಗೆ ಹೊರಡುತ್ತದೆ, ನೋಡಿಕೊಳ್ಳಲು ತಾಯಿ, ತಾಯಿಯ ಬೆನ್ನಿಗೆ ಚಿಕ್ಕವರು. ತಂದೆ ಯಾವುದೋ ರೆಸಾರ್ಟಿನ ಸಿಬ್ಬಂದಿ ಕೋಣೆಯಲ್ಲಿ. ಊರಮನೆಗೆ ಬೀಗ. ಕಷ್ಟದ ಹೆರಿಗೆ, ಡಯಾಲಿಸಿಸ್, ಕ್ಯಾನ್ಸರ್ ಚಿಕಿತ್ಸೆಯ ಲೆಕ್ಕವೂ ಇದೇ: ಸಣ್ಣ ಊರಿನ ಹೆಲ್ತ್ ಸೆಂಟರಿನಲ್ಲಿ ಡಾಕ್ಟರು ಇದ್ದಾರು, ಆಪರೇಷನ್ ಥಿಯೇಟರ್ ಇರುವುದಿಲ್ಲ.

ಇನ್ನು ನೀರು. ಹವಳದ ದ್ವೀಪದಲ್ಲಿ ಹೊಳೆ, ಕೆರೆ ಇಲ್ಲ. ಮಳೆನೀರು ಮರಳಿನೊಳಗೆ ಇಳಿದು ಉಪ್ಪುನೀರಿನ ಮೇಲೆ ತೆಳುವಾಗಿ ತೇಲುತ್ತದೆ. ಎಷ್ಟು ತೋಡಿದರೆ ಅಷ್ಟು ಸಿಗುತ್ತದೆ ಅನ್ನುವ ಬಾವಿಯಲ್ಲ ಅದು. ಪಂಪು ಹಾಕಿ ಜೋರಾಗಿ ಎಳೆದರೆ ಕೆಳಗಿನ ಉಪ್ಪು ಮೇಲೇರುತ್ತದೆ. ಪಕ್ಕದಲ್ಲೇ ಕಕ್ಕಸು ಗುಂಡಿ ಇದ್ದರೆ ಬಾವಿಯೂ ಕೆಡುತ್ತದೆ. 1978ರಲ್ಲಿ ಮಾಲೆಯಲ್ಲಿ ಕಾಲರಾ ಹಬ್ಬಿತ್ತು. ಈಗ ಹೊರದ್ವೀಪಗಳಲ್ಲಿ ಕುಡಿಯಲು ಹೆಚ್ಚಾಗಿ ಸೂರಿನ ಮಳೆನೀರನ್ನೇ ಟ್ಯಾಂಕಿನಲ್ಲಿ ಹಿಡಿದಿಡುತ್ತಾರೆ. 2,500 ಲೀಟರಿನ ಟ್ಯಾಂಕು, ಮನೆಯಲ್ಲಿ ಆರು ಜನ, ಕುಡಿಯಲು-ಅಡುಗೆಗೆ ತಲೆಗೆ ದಿನಕ್ಕೆ 10 ಲೀಟರ್ ಅಂದರೂ ನಲವತ್ತು ದಿನಕ್ಕೆ ಬರಿದು. ಇರುವೈ, ಅಂದರೆ ಈಶಾನ್ಯ ಗಾಳಿಯ ಕಾಲದ ಒಣಹವೆ ಜನವರಿಯಿಂದ ಮೂರು ತಿಂಗಳು ಎಳೆದೀತು. ಆ ಹೊತ್ತಿಗೆ ಸರ್ಕಾರಕ್ಕೆ ಕರೆ ಹೋಗುತ್ತದೆ, ಹಡಗಿನಲ್ಲಿ ನೀರು ಬರುತ್ತದೆ. ಮಾಲೆಯಲ್ಲಿ ನಲ್ಲಿ ತಿರುಗಿಸಿದರೆ ಉಪ್ಪು ತೆಗೆದ ಕಡಲನೀರು. ಆದರೆ ಅದನ್ನೂ ಪೂರ್ತಿ ನಂಬುವಂತಿಲ್ಲ: 2014ರ ಡಿಸೆಂಬರಿನಲ್ಲಿ ಉಪ್ಪು ತೆಗೆಯುವ ಸ್ಥಾವರಕ್ಕೆ ಬೆಂಕಿ ಬಿದ್ದಾಗ ಭಾರತ ವಿಮಾನ, ನೌಕೆಗಳಲ್ಲಿ ನೀರು ಕಳಿಸಬೇಕಾಯಿತು.

ಹಾಗಾದರೆ ದ್ವೀಪಕ್ಕೊಂದು ಒಳ್ಳೆಯ ಬಂದರು ಕಟ್ಟಿದರೆ ಸಾಲದೆ? ಕಟ್ಟುತ್ತಲೇ ಬಂದಿದ್ದಾರೆ. ಚುನಾವಣೆಯಲ್ಲಿ ಮೊದಲ ಬೇಡಿಕೆಯೇ ಅದು. ಆದರೆ ಈ ದ್ವೀಪಗಳ ಮರಳು ಕೂತಲ್ಲಿ ಕೂರುವುದಿಲ್ಲ; ಗಾಳಿ ತಿರುಗಿದಂತೆ ಆರು ತಿಂಗಳು ಆ ಕಡೆ, ಆರು ತಿಂಗಳು ಈ ಕಡೆ ಸುತ್ತುತ್ತಿರುತ್ತದೆ. ಬಂದರಿನ ಗೋಡೆ ಆ ದಾರಿಗೆ ಅಡ್ಡ ನಿಂತರೆ ಒಂದು ಮಗ್ಗುಲು ಮರಳು ಗುಡ್ಡೆಯಾಗುತ್ತದೆ, ಇನ್ನೊಂದು ಮಗ್ಗುಲು ತೆಂಗಿನ ಬುಡ ಕೊರೆಯುತ್ತದೆ. ಅದಕ್ಕೆ ಮತ್ತೊಂದು ಗೋಡೆ.

ಬಂದವರಿಗೆ ಮಾಲೆಯಲ್ಲಿ ಸಿಗುವುದು ಒಂದು ಕೋಣೆ. ಪ್ಲೈವುಡ್ಡಿನಿಂದ ಎರಡು ಭಾಗ ಮಾಡಿಕೊಂಡು, ಜಾಗ ಸಾಲದಿದ್ದರೆ ಪಾಳಿಯ ಮೇಲೆ ಮಲಗುವ ಮನೆಗಳಿವೆ. ಹೊರದ್ವೀಪದವರನ್ನು ಕೊಂಚ ಕೀಳಾಗಿ ‘ರಾಜ್ಜೆತೆರೆ’ಯವರು ಎನ್ನುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. ಮಾಲೆಯಲ್ಲಿ ಸ್ವಂತ ಮನೆ ಇಲ್ಲದೆ ಬೇರೂರಿದವರ ಹೆಸರು ‘ದಫ್ತರ್’ ಎಂಬ ಪಟ್ಟಿಯಲ್ಲಿ ಬರೆದಿರುತ್ತದೆ. ಊರಿನಲ್ಲೂ ಇಲ್ಲ, ಇಲ್ಲೂ ಇಲ್ಲ ಎಂಬ ಸ್ಥಿತಿ. ಮನೆಯಲ್ಲಿ ಕೂರಲು ಜಾಗವಿಲ್ಲದ ಹುಡುಗರು ಬೀದಿಯಲ್ಲಿ ಬೆಳೆಯುತ್ತಾರೆ. ತೊಂಬತ್ತರ ದಶಕದಿಂದ ಕಾಡಿದ ಬ್ರೌನ್ ಶುಗರ್ ಎಂಬ ಮಾದಕವಸ್ತುವಿನ ಪಿಡುಗಿಗೆ ಈ ಇಕ್ಕಟ್ಟೂ ಒಂದು ಕಾರಣ.

ಪರಿಹಾರವೆಂದು 1997ರಲ್ಲಿ ಕಡಲತಳದ ಮರಳು ಎತ್ತಿ ಹುಲ್ಹುಮಾಲೆ ಕಟ್ಟಲು ಶುರು ಮಾಡಿದರು. 2004ರಲ್ಲಿ ಮೊದಲ ಮನೆಗಳು ತುಂಬಿದವು. 2018ರಲ್ಲಿ ಚೀನಾ ನೆರವಿನ ಸೇತುವೆ ಬಂತು. ಇಕ್ಕಟ್ಟು ಸ್ವಲ್ಪ ಸಡಿಲವಾಯಿತು, ನಿಜ. ಆದರೆ ಹೊಸ ಫ್ಲ್ಯಾಟು, ಹೊಸ ಆಸ್ಪತ್ರೆ ರಾಜಧಾನಿಯ ಪಕ್ಕದಲ್ಲೇ ಎದ್ದರೆ ದ್ವೀಪದವನು ಇನ್ನೂ ಬೇಗ ಗಂಟು ಕಟ್ಟುತ್ತಾನೆ. ಇದಕ್ಕಿಂತ 2009ರ ಸುಮಾರಿಗೆ ಊರುಗಳಲ್ಲೂ ಗೆಸ್ಟ್‌ಹೌಸ್ ನಡೆಸಲು ಕೊಟ್ಟ ಅನುಮತಿ ಹೆಚ್ಚು ಕೆಲಸ ಮಾಡಿದೆ ಎನ್ನಬೇಕು. ಮೊದಲ ರೆಸಾರ್ಟ್ ತೆರೆದದ್ದು 1972ರಲ್ಲಿ; ಆಮೇಲೆ ಬಹಳ ವರ್ಷ ಪ್ರವಾಸಿಗರನ್ನು ಊರಿನಿಂದ ದೂರವೇ ಇಟ್ಟಿದ್ದರು. ಮಗಳು ರಾತ್ರಿ ರೆಸಾರ್ಟಿನಲ್ಲಿ ಉಳಿಯುವುದಕ್ಕೆ ಒಪ್ಪದ ಮನೆಗಳು ಬಹಳ. ಗೆಸ್ಟ್‌ಹೌಸಾದರೆ ಅವಳು ಬೆಳಗ್ಗೆ ನಡೆದು ಹೋಗಿ ಸಂಜೆ ಮನೆಗೆ ಬರುತ್ತಾಳೆ. ಮಾಫುಶಿಯಂಥ ದ್ವೀಪ ಹೀಗೇ ತುಂಬಿಕೊಂಡಿತು. ಅಲ್ಲಿ ಮದ್ಯ ಇಲ್ಲ; ಈಜುಡುಗೆ ತೊಟ್ಟವರಿಗೆ ಬೇರೆಯೇ ಕಡಲತೀರ.

ಇಷ್ಟಾದರೂ ‘ನಿಮ್ಮೂರು ಯಾವುದು’ ಎಂದರೆ ಮಾಲೆಯಲ್ಲಿ ಇಪ್ಪತ್ತು ವರ್ಷ ಕಳೆದವರೂ ಹುಟ್ಟಿದ ದ್ವೀಪದ ಹೆಸರನ್ನೇ ಹೇಳುತ್ತಾರೆ. ಈದ್ ರಜೆಗೆ ದೋಣಿಗಳು ತುಂಬಿ ಹೊರಡುತ್ತವೆ, ಮಾಲೆಯ ಬೀದಿಗಳು ಖಾಲಿಯಾಗುತ್ತವೆ. ಬೀಗ ತೆಗೆದು, ಟ್ಯಾಂಕಿನಲ್ಲಿ ನೀರಿದೆಯೇ ಎಂದು ತಟ್ಟಿ ನೋಡಿ, ಮರದ ಕೆಳಗಿನ ಹಗ್ಗ ಹೆಣೆದ ಜೋಲಿಯಲ್ಲಿ ಕೂರುತ್ತಾರೆ. ಬೆಳಗಿನ ತಿಂಡಿ ಮಸ್ ಹುನಿ: ಹೊಗೆಯಾಡಿಸಿದ ಟ್ಯೂನಾ ಮೀನು, ತುರಿದ ಕಾಯಿ, ಈರುಳ್ಳಿ, ಮೆಣಸಿನಕಾಯಿ, ನಿಂಬೆಹುಳಿ ಕೈಯಲ್ಲೇ ಹಿಸುಕಿ ಕಲಸಿದ್ದು, ಜೊತೆಗೆ ರೊಶಿ ಎಂಬ ತೆಳು ರೊಟ್ಟಿ. ಬಕ್ರೀದ್ ಆದರೆ ತೆಂಗಿನ ಗರಿ ಹೆಣೆದು ಆಳೆತ್ತರ ಮೀರಿದ ‘ಬೊಡು ಮಸ್’, ಅಂದರೆ ದೊಡ್ಡ ಮೀನು, ಮಾಡುತ್ತಾರೆ. ಅದನ್ನು ಹಿಡಿದು ಬೀದಿಯುದ್ದಕ್ಕೂ ಎಳೆದು ತರಬೇಕು. ಎಳೆಯಲು ಊರಿನವರು ಸಾಲದು. ಮಾಲೆಯಿಂದ ಬಂದವರೂ ಕೈ ಹಾಕಬೇಕು.