ಎತ್ತರ ಇದೆ, ಆದರೂ ಐದು ಫೌಲ್ ಆಗಿ ಹೊರಗೆ ಕೂರ್ತೀನಿ, ಏನ್ಮಾಡ್ಲಿ?

ಪ್ರಶ್ನೆ: ಸಾರ್, ನನಗೆ 17 ವರ್ಷ, ತುಮಕೂರಿನಲ್ಲಿ ಪಿಯುಸಿ ಓದ್ತಿದ್ದೀನಿ. ಎತ್ತರ 6 ಅಡಿ 3 ಇಂಚು. ಬಾಸ್ಕೆಟ್‌ಬಾಲ್ ಟೀಮಿನಲ್ಲಿ ನಾನೇ ಉದ್ದ ಅಂತ ಬಾಸ್ಕೆಟ್ ಕೆಳಗೆ ನಿಲ್ಲಿಸ್ತಾರೆ. ಎದುರಿನವರ ಶಾಟ್ ತಡೆದು ಬ್ಲಾಕ್ ಮಾಡೋಕೆ ಹೋಗಿ ಮೂರನೇ ಕ್ವಾರ್ಟರ್‌ಗೇ ಐದು ಫೌಲ್ ಆಗಿಬಿಡುತ್ತೆ. ಇನ್ನೂ ಮೇಲಕ್ಕೆ ಹಾರೋದು ಕಲಿಯಬೇಕಾ?

ಉತ್ತರ: ಬೇಡಪ್ಪಾ. ಕಡಿಮೆ ಹಾರೋದು ಕಲಿ.

ನಾನೂ ನಿನ್ನ ಹಾಗೇ ಇದ್ದವನು. ಒಂದು ಕಾಲೇಜು ಮ್ಯಾಚ್‌ನಲ್ಲಿ ನನ್ನ ಭುಜಕ್ಕೂ ಬಾರದ ಗಾರ್ಡ್ (ಬಾಲ್ ನಡೆಸೋ ಆಟಗಾರ) ಒಬ್ಬ ಒಳಗೆ ನುಗ್ಗಿ ಬಂದು ಬಾಲನ್ನ ಹಣೆ ತನಕ ಎತ್ತಿದ, ನಾನು ಹಾರಿದೆ, ಅವನು ನಿಂತಲ್ಲೇ ಕಾದು ನಾನು ಇಳಿಯುವಾಗ ನನ್ನ ಮೈಗೆ ತಾಗಿಸಿಕೊಂಡೇ ಶಾಟ್ ಹೊಡೆದ. ಫೌಲ್. ಎರಡನೇ ಸಲವೂ ಅದೇ. ಮೂರನೇ ಸಲ ಪುಣ್ಯಾತ್ಮ ಬಾಸ್ಕೆಟ್ ಕಡೆ ನೋಡಲೂ ಇಲ್ಲ, ಬರೀ ಭುಜ ಕುಣಿಸಿದ, ನಾನು ಆಗಲೇ ಗಾಳಿಯಲ್ಲಿದ್ದೆ. ಬೆಂಚಿಗೆ ಬಂದಾಗ ಕೋಚ್ ಕೇಳಿದ್ದು ಒಂದೇ ಮಾತು: "ಅವನ ಕಾಲು ಇನ್ನೂ ನೆಲದ ಮೇಲಿದೆ, ನಿನಗೇನೋ ಅವಸರ?"

ಅವನ ಕಾಲು ನೆಲ ಬಿಟ್ಟ ಮೇಲೆ ನಿನ್ನದು ಬಿಡಲಿ. ತಡ ಆಗುತ್ತೆ ಅನ್ನಿಸುತ್ತೆ, ಆಗಲ್ಲ. ನಿನ್ನ ಕೈ ಆಗಲೇ ಮೇಲಿದ್ದರೆ ಅರ್ಧ ಹಾರಿದರೂ ಸಾಕು.

ಆ ಕೈ ವಿಷಯಕ್ಕೇ ಬರೋಣ, ಜಾಸ್ತಿ ಫೌಲ್ ಆಗೋದು ಅಲ್ಲೇ. ನಮ್ಮ ಆಟ ನಡೆಯೋ ಅಂತಾರಾಷ್ಟ್ರೀಯ ಒಕ್ಕೂಟ ಫೀಬಾದ ನಿಯಮದ ಪ್ರಕಾರ ನೀನು ನಿಂತ ಜಾಗವೂ ಅದರ ಮೇಲಿನ ಗಾಳಿಯೂ ನಿನ್ನದೇ, ನಿನ್ನ ಸುತ್ತ ಒಂದು ಕಣಜ ನಿಲ್ಲಿಸಿದ್ದಾರೆ ಅಂದುಕೋ. ನ್ಯಾಯವಾಗಿ ಮೊದಲೇ ಆ ಜಾಗಕ್ಕೆ ಬಂದು, ಅದರೊಳಗೇ ಕೈ ನೆಟ್ಟಗೆ ಎತ್ತಿ ನೇರ ಮೇಲಕ್ಕೆ ಹಾರಿದರೆ, ಅವನು ಬಂದು ಡಿಕ್ಕಿ ಹೊಡೆದರೂ ಫೌಲ್ ನಿನ್ನದಲ್ಲ. ಕೈ ಮುಂದಕ್ಕೆ ಬಾಗಿ ಅವನಿಗೆ ತಾಗಿತೋ, ರೆಫರಿ ವಿಸಿಲ್ ಊದ್ತಾರೆ. ಸಂಜೆ ಪ್ರಾಕ್ಟೀಸ್‌ಗೆ ಒಂದು ಸೀಮೆಸುಣ್ಣ ತಗೊಂಡು ಹೋಗು. ನಿನ್ನ ಕಾಲ ಸುತ್ತ ವೃತ್ತ ಎಳೆ. ಗೆಳೆಯ ಲೇಅಪ್‌ಗೆ, ಅಂದ್ರೆ ಓಡಿ ಬಂದು ಹತ್ತಿರದಿಂದ ಬಾಲ್ ಹಾಕೋಕೆ ಬರಲಿ, ನೀನು ಹಾರಿ ಆ ವೃತ್ತದೊಳಗೇ ಇಳಿಯಬೇಕು. ಮೊದಲ ದಿನ ಪ್ರತಿ ಸಲವೂ ಗೆರೆ ದಾಟ್ತೀಯ, ಬೇಜಾರು ಮಾಡ್ಕೋಬೇಡ. ಎರಡೂ ಕೈಗೆ ಒಂದೊಂದು ಟೆನಿಸ್ ಬಾಲ್ ಕೊಟ್ಟು ಆಡಿಸಿದರೆ ಕೈ ಹಾಕಿ ಕಿತ್ತುಕೊಳ್ಳೋ ಚಟವೂ ಬಿಡುತ್ತೆ.

ಕಣ್ಣು ಎಲ್ಲಿರಬೇಕು? ಬಾಲ್ ಮೇಲಲ್ಲ, ಸೊಂಟದ ಮೇಲೆ. ಕಬಡ್ಡಿಯಲ್ಲಿ ರೈಡರ್ ಕೈ ಬೀಸ್ತಾನೆ, ಕಾಲು ಚಾಚ್ತಾನೆ, ಆದರೆ ಸೊಂಟ ತಿರುಗದೆ ಅವನು ಎಲ್ಲೂ ಹೋಗೋಕಾಗಲ್ಲ ಅಲ್ವಾ? ಇಲ್ಲೂ ಅಷ್ಟೇ. ದೇವರಾಯನದುರ್ಗದ ಮೆಟ್ಟಿಲು ಓಡಿ ಹತ್ತಿದರೆ ತೊಡೆ ಗಟ್ಟಿಯಾಗುತ್ತೆ, ಒಳ್ಳೇದೇ, ಆದರೆ ನಿನಗೆ ಬೇಕಾಗಿರೋದು ಮಂಡಿ ಬಗ್ಗಿಸಿ ಅಡ್ಡಡ್ಡ ಸರಿಯೋದು. ಉದ್ದ ಹುಡುಗರಿಗೆ ಇದು ಇಷ್ಟ ಆಗಲ್ಲ, ನನಗೂ ಆಗ್ತಿರಲಿಲ್ಲ.

ಎದುರಿನವನೊಬ್ಬ ನಿಮ್ಮ ಗಾರ್ಡ್‌ನ ದಾರಿಗೆ ಅಡ್ಡ ನಿಲ್ಲೋದೇ ಸ್ಕ್ರೀನ್, ಅದು ಬಂದಾಗ ಬಾಯಿ ಬಿಡು. ಬಾಸ್ಕೆಟ್ ಕೆಳಗೆ ನಿಂತವನಿಗೇ ಇಡೀ ಕೋರ್ಟ್ ಕಾಣೋದು. ನಿಮ್ಮ ಗಾರ್ಡ್‌ಗೆ ಬೆನ್ನ ಹಿಂದೆ ಏನೂ ಕಾಣಲ್ಲ. "ಎಡಕ್ಕೆ ಸ್ಕ್ರೀನ್!" ಅಂತ ಕೂಗು. ಆಮೇಲೆ ಬಾಲ್ ಇರೋನ ಹಿಂದೆ ಓಡಬೇಡ, ಎರಡು ಹೆಜ್ಜೆ ಹಿಂದಕ್ಕೆ ಬಂದು ಅವನನ್ನೂ ಒಳಗೆ ಓಡಿ ಬರೋ ಸ್ಕ್ರೀನ್ ಹಾಕಿದವನನ್ನೂ ಎದುರಿಗೇ ಇಟ್ಟುಕೋ. 2013ರಲ್ಲಿ ಅಮೆರಿಕದ ಲೀಗ್ ಎನ್‌ಬಿಎಯ ವರ್ಷದ ಡಿಫೆನ್ಸ್ ಆಟಗಾರ ಪ್ರಶಸ್ತಿ ಗೆದ್ದ ಮಾರ್ಕ್ ಗಸೋಲ್ ಹಾರೋದರಲ್ಲಿ ಏನೇನೂ ಆಗಿರಲಿಲ್ಲ. ಅವನ ಬಂಡವಾಳವೆಲ್ಲ ನಿಲ್ಲೋ ಜಾಗ ಮತ್ತು ಬಾಯಿ.

ಬ್ಲಾಕ್ ಸಿಕ್ಕರೂ ಗ್ಯಾಲರಿಗೆ ಬಾರಿಸಬೇಡ. ಚಪ್ಪಾಳೆ ಬೀಳುತ್ತೆ, ಬಾಲ್ ಮತ್ತೆ ಅವರಿಗೇ ಹೋಗುತ್ತೆ. 13 ಸೀಸನ್‌ನಲ್ಲಿ 11 ಎನ್‌ಬಿಎ ಚಾಂಪಿಯನ್‌ಶಿಪ್ ಗೆದ್ದ ಬಿಲ್ ರಸೆಲ್ ಬಾಲನ್ನ ಮೆಲ್ಲಗೆ ತಟ್ಟಿ ತನ್ನವರ ಕೈಗೇ ಹಾಕೋದಕ್ಕೆ ಹೆಸರಾಗಿದ್ದ. ಅವನ ಕಾಲದಲ್ಲಿ ಬ್ಲಾಕ್ ಲೆಕ್ಕ ಇಡೋ ಪದ್ಧತಿಯೇ ಇರಲಿಲ್ಲ ಅನ್ನೋದು ಬೇರೆ ಮಾತು.

ಟಿವಿಯಲ್ಲಿ ಎನ್‌ಬಿಎ ನೋಡಿ ಇನ್ನೊಂದು ಗೊಂದಲ. ಡಿಫೆನ್ಸ್ ಮಾಡೋನೂ ಬಾಸ್ಕೆಟ್ ಮುಂದಿನ ಚೌಕದೊಳಗೆ ಮೂರು ಸೆಕೆಂಡಿಗಿಂತ ಜಾಸ್ತಿ ಸುಮ್ನೆ ನಿಲ್ಲಬಾರದು ಅನ್ನೋ ನಿಯಮ ಅಲ್ಲಿಯದು, ಫೀಬಾದಲ್ಲಿ ಇಲ್ಲ. ಹಾಗೇ ಫೀಬಾದಲ್ಲಿ ಶಾಟ್ ರಿಂಗಿಗೆ ತಾಗಿದ ಮೇಲೆ, ಬಾಲ್ ಇನ್ನೂ ರಿಂಗಿನ ಮೇಲೇ ಇದ್ದರೂ ತಟ್ಟಿ ಹಾಕಬಹುದು, ಅದು ಎನ್‌ಬಿಎಯಲ್ಲಿ ಆಗಲ್ಲ. ರಿಂಗ್ ಇರೋದು 3.05 ಮೀಟರ್ ಮೇಲೆ, ಹಾರಿದರೆ ನಿನ್ನ ಕೈಗೆ ಎಟುಕೋ ದೂರವೇ. ರಿಂಗ್ ಹಿಡ್ಕೊಂಡು ನೇತಾಡಬೇಡ ಅಷ್ಟೇ.

ಮುಂದಿನ ಮ್ಯಾಚ್‌ಗೆ ಬೆಂಚಿನಲ್ಲಿ ಕೂರೋ ಗೆಳೆಯನ ಕೈಗೆ ಒಂದು ಚೀಟಿ ಪೆನ್ನು ಕೊಡು. ಎದುರಿನವನಿಗಿಂತ ಮೊದಲು ನೀನು ಎಷ್ಟು ಸಲ ಹಾರಿದೆ ಅಂತ ಗೀಟು ಹಾಕಲಿ. ಆ ಚೀಟಿ ಫೋಟೋ ಕಳಿಸು, ನೋಡೋಣ.