‘ಬೇಡ ಅಂದ್ರೆ ತೆಗೆದರಾಯ್ತಲ್ವಾ ಡಾಕ್ಟ್ರೇ?’

ಮದುವೆ ಸೀಸನ್‌ಗೆ ಸ್ವಲ್ಪ ಮೊದಲು, ಮತ್ತೆ ಗಲ್ಫ್‌ನವರು ರಜೆಗೆ ಬರುವ ತಿಂಗಳುಗಳಲ್ಲಿ, ನಮ್ಮ ಕಾಸರಗೋಡಿನ ಕಡೆ ವಿನೀರ್, ಅಂದರೆ ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಪಿಂಗಾಣಿ ಚಿಪ್ಪು, ಕೇಳಿಕೊಂಡು ಬರುವವರು ಜಾಸ್ತಿ. ಉಪ್ಪಳದವರಿರಲಿ ಬದಿಯಡ್ಕದವರಿರಲಿ, ತುಳುವಿನಲ್ಲಿ ಕೇಳಲಿ ಮಲಯಾಳದಲ್ಲಿ ಕೇಳಲಿ, ಫೋನ್ ತೆಗೆದು ತೋರಿಸುವ ರೀಲ್ ಮಾತ್ರ ಒಂದೇ. ಹಲ್ಲು ಕೊರೆಯುವುದಿಲ್ಲ, ಇಂಜೆಕ್ಷನ್ ಇಲ್ಲ, ಎರಡು ಸಲ ಬಂದರೆ ಮುಗಿಯಿತು. ಕೆಲವರ ಮಟ್ಟಿಗೆ ಇದು ನಿಜವೂ ಹೌದು. ಆದರೆ ರೀಲ್ ನೋಡಿದವರು ಅಲ್ಲಿಂದ ಇನ್ನೊಂದು ತೀರ್ಮಾನಕ್ಕೆ ಹಾರಿಬಿಟ್ಟಿರುತ್ತಾರೆ: ಹಲ್ಲು ತೇಯುವುದಿಲ್ಲ ಅಂದಮೇಲೆ ಬೇಡವಾದಾಗ ತೆಗೆಸಬಹುದು, ಒಳಗೆ ನಮ್ಮ ಹಲ್ಲು ಹೇಗಿತ್ತೋ ಹಾಗೇ ಇರುತ್ತದೆ. ಇಲ್ಲ ಮಾರಾಯ್ರೇ. ಇದನ್ನು ಹೇಳಿ ಹೇಳಿ ಸಾಕಾಗಿ ಈಗ ಬರೆಯುತ್ತಿದ್ದೇನೆ.

ಅಂಟಿಸುವುದು ಅಂದರೆ ಗೋಂದು ಹಚ್ಚಿ ಒತ್ತಿ ಹಿಡಿಯುವುದಲ್ಲ. ಮೊದಲು ಹಲ್ಲಿನ ಎನಾಮೆಲ್, ಅಂದರೆ ಹೊರಗಿನ ಗಟ್ಟಿ ಪದರದ ಮೇಲೆ ಫಾಸ್ಫಾರಿಕ್ ಆಸಿಡ್ ಜೆಲ್ ಹಚ್ಚುತ್ತೇವೆ, ಹೆಚ್ಚೆಂದರೆ ಅರ್ಧ ನಿಮಿಷ. ತೊಳೆದು ಗಾಳಿ ಬಿಟ್ಟಾಗ ಹೊಳೆಯುತ್ತಿದ್ದ ಹಲ್ಲು ಮಂಕು ಬಿಳಿಯಾಗಿ ಕಾಣುತ್ತದೆ. ಅಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳು ಬಿದ್ದಿರುತ್ತವೆ. 1955ರಲ್ಲಿ ಬ್ಯೂನೊಕೋರ್ ಎಂಬ ದಂತತಜ್ಞ ತೋರಿಸಿಕೊಟ್ಟ ಉಪಾಯ ಇದು. ಪಿಂಗಾಣಿ ಚಿಪ್ಪಿನ ಒಳಮೈಯನ್ನೂ ಹೈಡ್ರೋಫ್ಲೋರಿಕ್ ಆಸಿಡ್ಡಿನಿಂದ ಹಾಗೆಯೇ ಒರಟು ಮಾಡುವುದು 1980ರ ದಶಕದಲ್ಲಿ ಬಂತು. ಎರಡೂ ಕಡೆಯ ತೂತುಗಳೊಳಗೆ ರೆಸಿನ್ ಸಿಮೆಂಟ್ ಎಂಬ ಅಂಟು ಇಳಿಯುತ್ತದೆ, ಲೈಟ್ ಹಿಡಿದರೆ ಗಟ್ಟಿಯಾಗುತ್ತದೆ. ಆಮೇಲೆ ಹಲ್ಲು, ಸಿಮೆಂಟ್, ಪಿಂಗಾಣಿ ಮೂರೂ ಸೇರಿ ಒಂದೇ ತುಂಡು. ಚಿಪ್ಪು ಕೈಯಲ್ಲಿದ್ದಾಗ ಬೆರಳಲ್ಲಿ ಒತ್ತಿದರೆ ಮುರಿಯುವಷ್ಟು ತೆಳು, 0.3ರಿಂದ 0.5 ಮಿಲಿಮೀಟರ್. ಅಂಟಿದ ಮೇಲೆ ಅದರಲ್ಲಿ ಚಕ್ಕುಲಿ ತಿನ್ನಬಹುದು.

ಇನ್ನು ತೆಗೆಯುವುದು. ಬಚ್ಚಲಿನ ಗೋಡೆಯ ಟೈಲ್ಸ್ ಕಿತ್ತು ನೋಡಿದವರಿಗೆ ಗೊತ್ತು, ಟೈಲ್ಸ್ ಒಂದೇ ಬರುವುದಿಲ್ಲ. ಇಲ್ಲಂತೂ ಕೀಳುವ ಪ್ರಶ್ನೆಯೇ ಇಲ್ಲ, ಡೈಮಂಡ್ ಬರ್, ಅಂದರೆ ವಜ್ರದ ಪುಡಿ ಕೂರಿಸಿದ ತಿರುಗುವ ಮೊನೆ, ಹಾಕಿ ತೇಯಬೇಕು. ತೊಂದರೆ ಏನೆಂದರೆ, ನಿಮ್ಮ ಹಲ್ಲಿಗೆ ಹೊಂದಲಿ ಅಂತಲೇ ಪಿಂಗಾಣಿಯ ಬಣ್ಣವನ್ನೂ ಸಿಮೆಂಟಿನ ಬಣ್ಣವನ್ನೂ ಆರಿಸಿರುತ್ತೇವೆ ಅಲ್ವಾ? ನೀರು ಚಿಮ್ಮುತ್ತಿರುವಾಗ ಯಾವುದು ಎಲ್ಲಿ ಮುಗಿಯಿತು, ಎನಾಮೆಲ್ ಎಲ್ಲಿ ಶುರುವಾಯಿತು ಅಂತ ತಿಳಿಯುವುದಿಲ್ಲ. ಸ್ವಲ್ಪ ತೇಯುವುದು, ನಿಲ್ಲಿಸುವುದು, ಗಾಳಿ ಬಿಟ್ಟು ಒಣಗಿಸುವುದು, ನೋಡುವುದು. ಕೆಲವು ಸಿಮೆಂಟುಗಳು ನೇರಳೆ ಟಾರ್ಚಿನ ಬೆಳಕಲ್ಲಿ ಹೊಳೆಯುತ್ತವೆ, ಅದರಿಂದ ಸಹಾಯವಾಗುತ್ತದೆ. ಲೇಸರಿನಿಂದ ಸಡಿಲ ಮಾಡುವ ಕ್ರಮವೂ ಇದೆ, ಅದು ಎಲ್ಲ ಕಡೆ ಸಿಗುವುದಿಲ್ಲ, ಸಿಕ್ಕರೂ ಉಳಿದ ಸಿಮೆಂಟನ್ನು ಕೆರೆಯಲೇಬೇಕು. ಎಷ್ಟೇ ಜಾಗ್ರತೆ ಮಾಡಿದರೂ ಸ್ವಲ್ಪ ಎನಾಮೆಲ್ ಹೋಗುವ ಸಾಧ್ಯತೆ ಇದ್ದೇ ಇದೆ. ಹೋದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ.

ಮಂಜೇಶ್ವರ ಕಡೆಯ ಒಬ್ಬಳು ಹುಡುಗಿ, ಬ್ಯಾಂಕ್ ಕೆಲಸದವಳು, ಬೇರೆಲ್ಲೋ ಮೇಲಿನ ಆರು ಹಲ್ಲಿಗೆ ಹಾಕಿಸಿಕೊಂಡು ಬಂದಿದ್ದಳು. ಬ್ರಶ್ ಮಾಡಿದರೆ ರಕ್ತ. ಕನ್ನಡಿ ಹಿಡಿದು ತೋರಿಸಿದೆ. ಹಲ್ಲು ಮತ್ತು ಒಸಡು ಸೇರುವ ಜಾಗದಲ್ಲಿ ಪಿಂಗಾಣಿ ಸಣ್ಣ ಮೆಟ್ಟಿಲಿನಂತೆ ಎದ್ದು ನಿಂತಿತ್ತು, ಹಲ್ಲಿನ ಸಂದಿ ಶುಚಿ ಮಾಡುವ ಫ್ಲಾಸ್ ದಾರ ಎಳೆದರೆ ಅಲ್ಲಿ ಸಿಕ್ಕಿಕೊಂಡು ಎಳೆ ಬಿಡುತ್ತಿತ್ತು. ಅವಳ ಹಲ್ಲು ಮೊದಲೇ ಸ್ವಲ್ಪ ಮುಂದಕ್ಕಿತ್ತು. ಮುಂದಿರುವ ಹಲ್ಲಿನ ಮೇಲೆ ತೇಯದೆ ಅರ್ಧ ಮಿಲಿಮೀಟರ್ ಸೇರಿಸಿದರೆ ಅದು ಇನ್ನೂ ಮುಂದೆ ಬರದೆ ಎಲ್ಲಿಗೆ ಹೋಗುತ್ತದೆ? “ತೆಗೆದುಬಿಡಿ ಡಾಕ್ಟ್ರೇ, ನನ್ನ ಹಲ್ಲೇ ಸಾಕು” ಅಂದಳು. ನಾನು ಈಗ ಇಲ್ಲಿ ಬರೆದದ್ದನ್ನೆಲ್ಲ ಆಗ ಅವಳಿಗೆ ಹೇಳಬೇಕಾಯಿತು. ಕಣ್ಣಲ್ಲಿ ನೀರು ಬಂತು, ಪಾಪ. ಕೊನೆಗೆ ಅಂಚುಗಳನ್ನು ತೇಯ್ದು ಪಾಲಿಶ್ ಮಾಡಿದ ಮೇಲೆ ಒಸಡು ಸುಧಾರಿಸಿತು. ಎಲ್ಲರಿಗೂ ಅಷ್ಟರಲ್ಲೇ ಮುಗಿಯುತ್ತದೆ ಅಂತ ಹೇಳಲಾರೆ.

ಹಾಗಾದರೆ ಯಾರಿಗೆ ಸರಿ? ಹಲ್ಲು ಸಣ್ಣದಿರುವವರಿಗೆ, ನಡುವೆ ಸಂದಿ ಇರುವವರಿಗೆ, ಹಲ್ಲು ತುಸು ಒಳಕ್ಕೆ ಇರುವವರಿಗೆ. ಅಂದರೆ ಸೇರಿಸುವುದಕ್ಕೆ ಜಾಗ ಇರುವವರಿಗೆ. ಕಪ್ಪಾದ ಹಲ್ಲಿಗೆ ತೆಳು ಚಿಪ್ಪು ಹಾಕಿದರೆ ಕಪ್ಪು ಇಣುಕುತ್ತದೆ. ಉಳಿದ ಬಹಳ ಮಂದಿಗೆ ಸ್ವಲ್ಪವಾದರೂ ತೇಯಬೇಕಾಗುತ್ತದೆ, ಅದನ್ನೇ ಮಿನಿಮಲ್ ಪ್ರಿಪರೇಶನ್ ಅನ್ನುವುದು. ತೇಯುವ ಡಾಕ್ಟರು ಕೆಟ್ಟವರು, ತೇಯದವರು ಒಳ್ಳೆಯವರು ಅಂತ ಲೆಕ್ಕ ಹಾಕಬೇಡಿ.

ಬಾಳಿಕೆಯೂ ಎನಾಮೆಲ್ ಮೇಲೆಯೇ ನಿಂತಿದೆ. ಎನಾಮೆಲ್‌ಗೆ ಅಂಟಿದ ಪಿಂಗಾಣಿ ವಿನೀರುಗಳಲ್ಲಿ 10 ವರ್ಷದ ಮೇಲೂ 100ಕ್ಕೆ ಸುಮಾರು 90 ಬಾಯಲ್ಲೇ ಇರುತ್ತವೆ ಅಂತ ದೀರ್ಘಕಾಲದ ಅಧ್ಯಯನಗಳು ಹೇಳುತ್ತವೆ. ಎನಾಮೆಲ್‌ನ ಒಳಗಿರುವ ಡೆಂಟಿನ್ ಎಂಬ ಪದರಕ್ಕೆ ಅಂಟಿಸಿದರೆ ಈ ಭರವಸೆ ಇಲ್ಲ. ಮುಂಭಾಗದ ಹಲ್ಲಿನ ತುದಿಯಲ್ಲಿ ಎನಾಮೆಲ್ ಸುಮಾರು ಒಂದು ಮಿಲಿಮೀಟರ್, ಒಸಡಿನ ಹತ್ತಿರ ಅರ್ಧ ಮಿಲಿಮೀಟರಿಗೂ ಕಡಿಮೆ. ಒಂದು ಸಲ ತೆಗೆಸಿ ಮತ್ತೆ ಹಾಕಿಸಿದಾಗ ನಷ್ಟ ಆಗುವುದು ಇಲ್ಲೇ. ಎರಡನೆಯ ಜೋಡಿ ಮೊದಲನೆಯದರಷ್ಟು ಭದ್ರವಾಗಿ ಕೂರದೆ ಇರಬಹುದು. 25 ವರ್ಷಕ್ಕೆ ಹಾಕಿಸಿಕೊಳ್ಳುವವರು 40ಕ್ಕೂ 55ಕ್ಕೂ ಮತ್ತೆ ಖರ್ಚು ಬರಬಹುದು ಅಂತ ಈಗಲೇ ಯೋಚಿಸಿ. ‘ಲೈಫ್‌ಟೈಮ್ ಗ್ಯಾರಂಟಿ’ ಅಂದವರ ಹತ್ತಿರ ಯಾರ ಲೈಫ್‌ಟೈಮ್ ಅಂತ ಕೇಳಿ.

ತಂಪು ತಾಗಿದರೆ ಜುಮ್ಮೆನ್ನುವುದು ಕೆಲವು ದಿನ ಇರಬಹುದು, ಸಾಮಾನ್ಯವಾಗಿ ಹೋಗುತ್ತದೆ. ಹೋಗದಿದ್ದರೆ ತೋರಿಸಿ. ರಾತ್ರಿ ಹಲ್ಲು ಕಡಿಯುವವರು ಅದನ್ನು ಮೊದಲೇ ಹೇಳಿಬಿಡಿ, ಅಥವಾ ಮನೆಯವರನ್ನು ಕರೆತನ್ನಿ, ಅವರು ಹೇಳುತ್ತಾರೆ. ಮಲಗುವಾಗ ಹಲ್ಲಿನ ಮೇಲೆ ಹಾಕಿಕೊಳ್ಳುವ ನೈಟ್ ಗಾರ್ಡ್ ಎಂಬ ಕವಚ ಹಾಕದೆ ಅಂಥವರ ವಿನೀರ್ ಅಂಚು ಒಡೆಯದೆ ಉಳಿದರೆ ಅದೃಷ್ಟ.

ಎಲೆಯಡಿಕೆಯ ವಿಷಯ ನಮ್ಮ ಊರಿನಲ್ಲಿ ಹೇಳದೆ ಆಗುವುದಿಲ್ಲ. ಅಡಿಕೆ ತೋಟದ ಹಿರಿಯರೊಬ್ಬರು ಮೊಮ್ಮಗಳ ಮದುವೆಗೆ ಅಂತ ಬಂದಿದ್ದರು. ಕವಳ ಜಗಿದು ಜಗಿದು ಹಲ್ಲು ಅರ್ಧಕ್ಕರ್ಧ ಸವೆದಿತ್ತು. ಪಿಂಗಾಣಿಗೆ ಕಲೆ ಅಷ್ಟು ಸುಲಭಕ್ಕೆ ಹಿಡಿಯುವುದಿಲ್ಲ, ಆದರೆ ಅಂಚಿನ ಸಿಮೆಂಟ್ ಗೆರೆಗೆ ಕೆಂಪು ಹಿಡಿಯುತ್ತದೆ ಅಂದೆ. ಜಗಿಯುವುದನ್ನು ಬಿಟ್ಟರೆ ಬಾಯಿಗೇ ಒಳ್ಳೆಯದು, ಕ್ಯಾನ್ಸರ್ ಭಯವೂ ಕಡಿಮೆ ಅಂತಲೂ ಹೇಳಿದೆ. ಅವರು ಸ್ವಲ್ಪ ಯೋಚಿಸಿ, “ಹಾಗಾದ್ರೆ ಫೋಟೋದಲ್ಲಿ ಬಾಯಿ ಮುಚ್ಚಿ ನಿಲ್ತೇನೆ” ಅಂತ ಎದ್ದು ಹೋದರು! ಏನು ಹೇಳುವುದು. ಪೇಷಂಟ್ ಬುದ್ಧಿವಂತರು, ಕವಳ ಬಿಡಲಿಲ್ಲ ಅಷ್ಟೇ.

ನಿರ್ಧಾರ ಮಾಡುವ ಮೊದಲು ಮಾಕ್‌ಅಪ್ ಮಾಡಿಸಿ ನೋಡಿ. ಆಸಿಡ್ ಹಾಕದೆ ಹಲ್ಲಿನ ಮೇಲೆ ತಾತ್ಕಾಲಿಕ ರೆಸಿನ್ ಕೂರಿಸುತ್ತೇವೆ, ಅದನ್ನು ನಿಜವಾಗಿಯೂ ತೆಗೆಯಬಹುದು. ಅದನ್ನು ಹಾಕಿಕೊಂಡು ‘ವ’, ‘ಫ’, ‘ಸ’ ಬರುವ ಮಾತು ಆಡಿ, ನಗಿ, ಬದಿಯಿಂದ ಫೋಟೋ ತೆಗೆಸಿ, ಮನೆಯವರಿಗೆ ತೋರಿಸಿ. ತುಟಿ ಉಬ್ಬಿದಂತೆ ಕಂಡರೆ ಅಲ್ಲಿಗೇ ನಿಲ್ಲಿಸಿ. ಹಲ್ಲು ಬಿಳಿ ಮಾಡಿಸುವುದಿದ್ದರೆ ಅದೂ ಮೊದಲೇ ಆಗಬೇಕು, ಬ್ಲೀಚ್ ಮಾಡಿ ಎರಡು ವಾರವಾದರೂ ಬಿಟ್ಟು ಅಂಟಿಸಬೇಕು. ಇಲ್ಲದಿದ್ದರೆ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಪಿಂಗಾಣಿಯನ್ನು ಆಮೇಲೆ ಬ್ಲೀಚ್ ಮಾಡಿ ಬಿಳಿ ಮಾಡಲು ಆಗುವುದಿಲ್ಲ. ಶುಕ್ರವಾರ ಬಂದು ಮುಂದಿನ ಭಾನುವಾರದ ಮದುವೆಗೆ ಎಲ್ಲ ಆಗಬೇಕು ಅಂದರೆ ನಾನು ಕ್ಲೀನಿಂಗ್ ಮಾಡಿ ಕಳಿಸುತ್ತೇನೆ.

ಮತ್ತೆ ದುಬೈಗೋ ದೋಹಾಕ್ಕೋ ಹೊರಟವರು ಒಂದು ಚೀಟಿ ಬರೆಸಿಕೊಂಡು ಹೋಗಿ: ಯಾವ ಪಿಂಗಾಣಿ, ಯಾವ ಶೇಡ್, ಯಾವ ಸಿಮೆಂಟ್, ಯಾವ ಹಲ್ಲನ್ನು ಎಷ್ಟು ತೇಯ್ದದ್ದು. ಅಲ್ಲಿ ಅಂಚು ಒಡೆದರೆ ನೋಡುವ ಡಾಕ್ಟರಿಗೆ ಇದು ಬೇಕು. ಅದನ್ನು ಫೋಟೋ ತೆಗೆದು ಫೋನಿನಲ್ಲಿಡಿ, ಚೀಟಿಯನ್ನು ಹೇಗೂ ಕಳೆದುಕೊಳ್ಳುತ್ತೀರಿ.